ವಾರಂಟಿ ರಿಪೇರಿಗೆ 62 ದಿನ: ನಾನು ಕಾರು ವಾಪಸ್ ಪಡೆದ ಬಗೆ

ಟೋ ಗಾಡಿಯ ಮೇಲೆ ಹೋದ ನನ್ನ ಕಾರು ಸರ್ವಿಸ್ ಸೆಂಟರಿನಿಂದ ಹೊರಗೆ ಬಂದಿದ್ದು 62ನೇ ದಿನ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೊಂದರೆ, ರಿವರ್ಸ್ ಬೀಳುತ್ತಿರಲಿಲ್ಲ. ವಾರಂಟಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಹಾಗಾಗಿ ದುಡ್ಡಿನ ಚಿಂತೆ ಇರಲಿಲ್ಲ. "ಪಾರ್ಟ್ ಬರಬೇಕು, ಒಂದು ವಾರ ಸಾಕು" ಅಂದರು. ತಲೆಯಾಡಿಸಿ ಬಂದೆ.

ಮೊದಲ ಮೂರು ವಾರ ನಾನು ಮಾಡಿದ್ದು ಬರೀ ಫೋನ್. ದಿನ ಬಿಟ್ಟು ದಿನ ಕರೆ ಮಾಡುತ್ತಿದ್ದೆ. ಒಮ್ಮೆ ನಾಳೆ, ಒಮ್ಮೆ ಸೋಮವಾರ, ಒಮ್ಮೆ ಮೇಲಿನವರನ್ನು ಕೇಳಿ ಹೇಳುತ್ತೇವೆ. ಅವರ ಮೇಲೆ ಕೋಪಕ್ಕಿಂತ ಜಾಸ್ತಿ, ನನ್ನ ಕೈಯಲ್ಲಿ ಒಂದು ಚೀಟಿಯೂ ಇಲ್ಲವಲ್ಲ ಅನ್ನೋ ಭಯ ಶುರುವಾಯಿತು. ಫೋನಿನ ಮಾತಿಗೆ ತಾರೀಖೂ ಇಲ್ಲ, ಸಹಿಯೂ ಇಲ್ಲ.

23ನೇ ದಿನ ನಾನೇ ಹೋದೆ. ಕಾರು ಹಿಂದಿನ ಅಂಗಳದಲ್ಲಿ ಕಾಂಪೌಂಡಿಗೆ ಒತ್ತಿ ನಿಂತಿತ್ತು. ಬಾನೆಟ್ ಮೇಲೆ ದಪ್ಪ ಧೂಳು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪಗಳು ಒಮ್ಮೆ ಮಿಣುಕಿ ಆರಿದವು. ಓಡಿಸದೆ ನಿಲ್ಲಿಸಿ ಬ್ಯಾಟರಿಯೂ ಇಳಿದುಹೋಗಿತ್ತು. ಜಂಪ್ ಸ್ಟಾರ್ಟ್ ಕೊಡಿಸಿ ಓಡೋಮೀಟರ್, ಇಂಧನದ ಮುಳ್ಳು, ನಾಲ್ಕೂ ಟಯರು, ನಾಲ್ಕೂ ಬದಿ ಎಲ್ಲದರ ಫೋಟೊ ತೆಗೆದೆ. ಗಾಡಿ ಬಿಡುವ ದಿನವೇ ಇದನ್ನು ಮಾಡಬೇಕಿತ್ತು.

ಆಮೇಲೆ ಜಾಬ್ ಕಾರ್ಡಿನ, ಅಂದರೆ ಗಾಡಿ ಬಂದ ತಾರೀಖು, ದೂರು ಎಲ್ಲ ಬರೆದಿಡುವ ಸರ್ವಿಸ್ ಸೆಂಟರಿನ ಚೀಟಿಯ, ಪ್ರತಿ ಕೇಳಿದೆ. ಗ್ರಾಹಕರ ಜೊತೆ ವ್ಯವಹರಿಸುವ ಸರ್ವಿಸ್ ಅಡ್ವೈಸರ್ ಪ್ರಿಂಟ್ ಕೊಟ್ಟರು. ಅದರಲ್ಲಿ ಗಾಡಿ ಬಂದ ತಾರೀಖು ಐದು ದಿನ ಹಿಂದಿನದು! ನನ್ನ ಮೊದಲ ಜಾಬ್ ಕಾರ್ಡನ್ನು 18ನೇ ದಿನ ಮುಚ್ಚಿ, ಅದೇ ದೂರಿಗೆ ಹೊಸದನ್ನು ತೆರೆದಿದ್ದರು. ಕಾಗದ ನೋಡಿದವರಿಗೆ ನನ್ನ ಕಾರು ಅಲ್ಲಿ ಇದ್ದದ್ದು ಐದೇ ದಿನ. ಜಗಳಕ್ಕೆ ಹೋಗಲಿಲ್ಲ. ಹಳೆಯದರ ಪ್ರತಿಯನ್ನೂ ಕೇಳಿ ಪಡೆದೆ. ಸ್ಕ್ಯಾನರಿನಲ್ಲಿ ಬಂದ ಫಾಲ್ಟ್ ಕೋಡ್, ಪಾರ್ಟ್ ನಂಬರ್, ಆರ್ಡರ್ ಹಾಕಿದ ತಾರೀಖು ಬರೆಸಿಕೊಂಡೆ. ಆಗ ಇನ್ನೊಂದು ಸಂಗತಿ ಗೊತ್ತಾಯಿತು. ಪಾರ್ಟ್ ಆರ್ಡರ್ ಆಗಿದ್ದೇ 16ನೇ ದಿನ. ಅಲ್ಲಿಯವರೆಗೆ ಕಂಪನಿಯಿಂದ ವಾರಂಟಿ ಒಪ್ಪಿಗೆಗೆ ಕಾಯುತ್ತಿದ್ದರಂತೆ. ಆರ್ಡರ್ ಹಾಕದ ಪಾರ್ಟ್ ಬರುವುದಾದರೂ ಹೇಗೆ, ಅಲ್ವಾ? ಅದೂ ಮಾಮೂಲಿ ಆರ್ಡರ್. ಗಾಡಿ ಓಡಿಸಲಾಗದ ಸ್ಥಿತಿಯಲ್ಲಿದ್ದರೆ 'ವಿಒಆರ್' (ವೆಹಿಕಲ್ ಆಫ್ ರೋಡ್) ಅಂತ ತುರ್ತು ಆರ್ಡರ್ ಹಾಕುವ ಪದ್ಧತಿ ಈ ವ್ಯವಹಾರದಲ್ಲಿದೆ. ಈ ಮೂರಕ್ಷರ ಗೊತ್ತಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಗೇರ್‌ಬಾಕ್ಸ್ ಯಾಕೆ ಕೆಟ್ಟಿತು, ತಯಾರಿಕೆಯಲ್ಲೇ ದೋಷ ಇತ್ತಾ ಅನ್ನೋ ವಾದಕ್ಕೆ ಇಳಿಯಬಾರದು ಅಂತ ಅಂದೇ ತೀರ್ಮಾನಿಸಿದೆ. ಅದನ್ನು ಸಾಬೀತು ಮಾಡಲು ತಜ್ಞರ ವರದಿ ಬೇಕಾಗುತ್ತದೆ. ಅದು ನನ್ನ ಕೈಮೀರಿದ ಕೆಲಸ. ದಿನ ಎಣಿಸುವುದು ನನ್ನ ಕೈಯಲ್ಲೇ ಇತ್ತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಸೇವೆಯ ಕೊರತೆಯೂ ದೂರಿಗೆ ಕಾರಣ. ಒಪ್ಪಿಕೊಂಡ ಕೆಲಸವನ್ನು ಕಾರಣವಿಲ್ಲದೆ ಎಳೆದಾಡುವುದನ್ನು ಹಾಗೆ ಪ್ರಶ್ನಿಸಬಹುದು. ಎರಡು ಜಾಬ್ ಕಾರ್ಡ್, ಒಂದು ಆರ್ಡರ್ ತಾರೀಖು. ನನ್ನ ವಾದ ಅಷ್ಟೇ.

26ನೇ ದಿನ ಒಂದೇ ಇಮೇಲ್ ಬರೆದು ಡೀಲರಿಗೂ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸಿದೆ. ತಯಾರಕರನ್ನು ಬಿಡಲೇಬಾರದು. ವಾರಂಟಿ ಕೊಟ್ಟವರು ಅವರು, ಪಾರ್ಟ್ ಕಳಿಸಬೇಕಾದವರೂ ಅವರೇ. ಮೊದಲ ಕರಡು ಎರಡು ಪುಟ ಆಗಿತ್ತು, ಸಿಟ್ಟೇ ಜಾಸ್ತಿ ಇತ್ತು. ಹರಿದುಹಾಕಿ ಹತ್ತು ಸಾಲಿಗೆ ಇಳಿಸಿದೆ. ಗಾಡಿ ಬಿಟ್ಟ ದಿನ, ಇವತ್ತಿಗೆ ಎಷ್ಟು ದಿನ, ಆರ್ಡರ್ ಎಂದು ಹಾಕಿದಿರಿ, ಪಾರ್ಟ್ ಯಾವತ್ತು ಬರುತ್ತದೆ. ಕೇಳಿದ್ದು ಮೂರು: ತುರ್ತು ಆರ್ಡರ್, ಅಲ್ಲಿಯವರೆಗೆ ಓಡಾಡಲು ಬದಲಿ ಕಾರು, ನಿಂತ ದಿನಗಳಷ್ಟು ವಾರಂಟಿ ವಿಸ್ತರಣೆ. ಬದಲಿ ಕಾರಿನ ಮಾತು ವಾರಂಟಿ ಪುಸ್ತಕದಲ್ಲಿ ಇರಲಿಲ್ಲ. ಆದರೂ ಕೇಳಿದೆ. ಕಂತು, ವಿಮೆ ಯಾವುದೂ ನಿಂತಿರಲಿಲ್ಲ. ವಾರಂಟಿ ದಿನಗಳೂ ಸುಮ್ನೆ ಕರಗುತ್ತಿದ್ದವು.

ಕಂಪನಿಯಿಂದ ಬಂದಿದ್ದು ದೂರಿನ ಸಂಖ್ಯೆ, ಜೊತೆಗೆ ನಾಲ್ಕು ಒಳ್ಳೆಯ ಮಾತು. ಹೊರಗೆ ಮಾಡಿಸಿಬಿಡು ಅಂತ ಕೆಲವರು ಸಲಹೆ ಕೊಟ್ಟರು. ವಾರಂಟಿ ಇರುವಾಗ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಗೇರ್‌ಬಾಕ್ಸ್ ಬಿಚ್ಚಿಸಿದರೆ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ. ಹೋಗಲಿಲ್ಲ.

34ನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ಅವರು ಕೋರ್ಟ್ ಅಲ್ಲ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ನನಗೆ ಅದೂ ಉಪಯೋಗಕ್ಕೆ ಬಂತು. ನಾಲ್ಕೇ ದಿನದಲ್ಲಿ ಕಂಪನಿಯ ವಲಯ ಮಟ್ಟದ ಸರ್ವಿಸ್ ಮ್ಯಾನೇಜರ್ ಫೋನ್ ಮಾಡಿದರು. ಆರ್ಡರನ್ನು ತುರ್ತು ಪಟ್ಟಿಗೆ ಸೇರಿಸುತ್ತೇವೆ ಅಂದರು. ಫೋನ್ ಇಟ್ಟ ತಕ್ಷಣ "ಈಗ ನೀವು ಹೇಳಿದ್ದು ಇದು, ತಪ್ಪಿದ್ದರೆ ತಿಳಿಸಿ" ಅಂತ ಅವರ ಮಾತನ್ನೇ ಇಮೇಲ್ ಮಾಡಿದೆ. ಆಮೇಲಿನ ಪ್ರತಿ ಕರೆಗೂ ಹೀಗೇ ಮಾಡಿದೆ. ಈ ಇಡೀ ಗೋಜಿನಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತ ಅಭ್ಯಾಸ ಇದೇ.

ಆದರೂ ಪಾರ್ಟ್ ಬರಲಿಲ್ಲ. 44ನೇ ದಿನ ಡೀಲರು, ತಯಾರಕರು ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. 15 ದಿನ ಗಡುವು, ಇಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಕೀಲರೇ ಬರೆಯಬೇಕು ಅಂತೇನಿಲ್ಲ, ನಾನೇ ಬರೆದೆ. ಅದರ ಜೊತೆಜೊತೆಗೇ ಆಯೋಗಕ್ಕೆ ಕೊಡುವ ದೂರನ್ನೂ ತಯಾರು ಮಾಡಿ ಇಟ್ಟುಕೊಂಡೆ.

ಅದಕ್ಕಾಗಿ ಓದುವಾಗ ತಿಳಿದ ಕೆಲವು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾವು ವಾಸಿಸುವ ಅಥವಾ ಕೆಲಸ ಮಾಡುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ಯಾವ ಆಯೋಗ ಅನ್ನೋದು ನಾವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ ನಿರ್ಧಾರ ಆಗುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಶುಲ್ಕವೂ ಬೆಲೆಯ ಮೇಲೆಯೇ: 5 ಲಕ್ಷದಿಂದ 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ದೂರನ್ನು ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ನಾವೇ ವಾದ ಮಾಡಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ವಸ್ತುವಿನ ಪರೀಕ್ಷೆ ಬೇಕಿಲ್ಲದ ದೂರನ್ನು ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಇದಕ್ಕಿಂತ ಎಳೆಯುವುದುಂಟು. ಹಾಗಾಗಿ ಆಯೋಗಕ್ಕೆ ಹೋದರೆ ಕಾರು ಬೇಗ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಸಿದ್ಧವಾದ ದೂರು ಕೈಯಲ್ಲಿದ್ದರೆ ನೋಟಿಸಿನ ಮಾತಿಗೆ ತೂಕ ಬರುತ್ತದೆ, ಅದಕ್ಕೇ ಬರೆದಿಟ್ಟೆ.

57ನೇ ದಿನ ಪಾರ್ಟ್ ಬಂತು. 62ನೇ ದಿನ ಕಾರು ತರಲು ಹೋದಾಗ ತೊಳೆದು ಹೊಳೆಯುವಂತೆ ನಿಲ್ಲಿಸಿದ್ದರು. ಮುಂದೆ ಒಂದು ಹಾಳೆ ಇಟ್ಟು "ಇಲ್ಲಿ ಒಂದು ಸಹಿ" ಅಂದರು. ಓದಿದೆ. ಕೆಲಸ ತೃಪ್ತಿಕರವಾಗಿದೆ, ಯಾವ ತಕರಾರೂ ಇಲ್ಲ ಅಂತ ಅಚ್ಚಾಗಿತ್ತು. ಮೊದಲು ಓಡಿಸಿ ನೋಡುತ್ತೇನೆ ಅಂದೆ. ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದೆ. ಇಳಿಜಾರಿನಲ್ಲಿ ನಿಲ್ಲಿಸಿ ಐದಾರು ಸಲ ರಿವರ್ಸ್ ಹಾಕಿದೆ. ಪ್ರತಿ ಸಲವೂ ಬಿತ್ತು. ಓಡೋಮೀಟರನ್ನು ನನ್ನ ಹಳೇ ಫೋಟೊ ಜೊತೆ ಹೋಲಿಸಿದೆ, ಟೆಸ್ಟ್ ಡ್ರೈವಿಗೆ ಆಗುವಷ್ಟೇ ಏರಿತ್ತು. ಬದಲಿ ಕಾರು ಕೊನೆಗೂ ಸಿಗಲಿಲ್ಲ. ವಾರಂಟಿಯನ್ನು 62 ದಿನ ಮುಂದಕ್ಕೆ ಹಾಕಿದ ಇಮೇಲ್ ಮಾತ್ರ ಬಂದಿತ್ತು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡೆ. ಆಮೇಲೆ ಆ ಹಾಳೆಯಲ್ಲಿ ಅಚ್ಚಾದ ಸಾಲಿನ ಮೇಲೆ ಗೆರೆ ಎಳೆದು, "62 ದಿನಗಳ ವಿಳಂಬದ ಬಗ್ಗೆ ನನ್ನ ತಕರಾರು ಉಳಿಸಿಕೊಂಡು ಗಾಡಿ ಪಡೆದಿದ್ದೇನೆ" ಅಂತ ಬರೆದು ತಾರೀಖು, ಸಮಯ ಹಾಕಿ ಸಹಿ ಮಾಡಿದೆ. ಅದರ ಫೋಟೊ ತೆಗೆದುಕೊಂಡೇ ಕೀ ಇಸಿದುಕೊಂಡೆ.