ಬುಷ್‌ನೊಳಗೆ ಕಚ್ಚಿಕೊಂಡ ಬೋಲ್ಟನ್ನು ಬಿಡಿಸುವುದು ಹೇಗೆ?

ಮಳೆಗಾಲ ಮುಗಿದ ಮೇಲೆ ತೋಟದ ಹಾದಿಯಲ್ಲಿ ಹಳೆಯ ಕಾರು ಓಡಿಸುವವರಿಗೆಲ್ಲ ಆ ಸದ್ದು ಗೊತ್ತು. ಗುಂಡಿಗೆ ಇಳಿದಾಗ ಮುಂದಿನ ಚಕ್ರದ ಕಡೆಯಿಂದ ಒಂದು ‘ಟಕ್’, ಬ್ರೇಕ್ ಒತ್ತಿದಾಗ ಇನ್ನೊಂದು. ಅನೇಕ ಸಲ ಅದು ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ಕೆಳತೋಳಿನ, ರಬ್ಬರ್ ಬುಷ್ ಹೋಗಿರುವ ಲಕ್ಷಣ. ಬುಷ್‌ಗೆ ದೊಡ್ಡ ಬೆಲೆಯಿಲ್ಲ, ಬದಲಾಯಿಸಲು ಅರ್ಧ ದಿನ ಸಾಕು. ಆದರೆ ನಟ್ಟು ಬಿಚ್ಚಿ ಕೈಗೆ ಬಂದ ಮೇಲೂ ಬೋಲ್ಟು ಜಪ್ಪಯ್ಯ ಎಂದರೂ ಕದಲದಿದ್ದರೆ ಆ ಅರ್ಧ ದಿನ ಮೂರು ದಿನವಾಗುತ್ತದೆ. ನನ್ನ 1998ರ ಮಾರುತಿ 800ರಲ್ಲಿ ಹಾಗೇ ಆಯಿತು.

ಇಂಥ ಬೋಲ್ಟಿನ ಮುಂದೆ ಕೆಲಸ ಕೆಡುವುದು ಶಕ್ತಿ ಸಾಲದೆ ಅಲ್ಲ, ಅದು ಎಲ್ಲಿ ಹಿಡಿದಿದೆ ಎಂದು ನೋಡದೆ ಶಕ್ತಿ ಹಾಕುವುದರಿಂದ. ಬುಷ್ ಎಂದರೆ ಬರೀ ರಬ್ಬರಲ್ಲ. ಹೊರಗೊಂದು ಕಬ್ಬಿಣದ ಬಳೆ, ನಡುವೆ ರಬ್ಬರು, ಒಳಗೊಂದು ಕಬ್ಬಿಣದ ಕೊಳವೆ. ಬೋಲ್ಟು ಹಾಯುವುದು ಆ ಕೊಳವೆಯೊಳಗೆ. ಎರಡರ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಅಲ್ಲಿಗೆ ನೀರು ಸೇರಿದರೆ ಆರುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಕೊಳವೆಯೂ ಬೋಲ್ಟೂ ಒಂದೇ ತುಂಡಿನಂತೆ ಬಿಗಿದುಕೊಳ್ಳುತ್ತವೆ.

ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ದಾಟುತ್ತದೆ, ಭಾಗಮಂಡಲದಲ್ಲಿ ಅದಕ್ಕಿಂತಲೂ ಹೆಚ್ಚು. ಆರ್ಮಿನ ಸಂದಿಯಲ್ಲಿ ಮೆತ್ತಿದ ಕೆಂಪು ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಇನ್ನೊಂದು ಕಾರಣವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಗೊಬ್ಬರ. ಕಾಫಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡುಗೆ ಉಪ್ಪಿನಂತೆಯೇ ಒಂದು ಕ್ಲೋರೈಡ್. ಹರಿದ ಚೀಲದಿಂದ ಡಿಕ್ಕಿಯಲ್ಲಿ ಚೆಲ್ಲಿದ ಹಿಡಿಯಷ್ಟು ಪೊಟ್ಯಾಷ್ ನೀರಿನೊಡನೆ ಕೆಳಗಿಳಿದರೆ, ಕಡಲ ಕರೆಯ ಕಾರಿಗೆ ಆಗುವುದೇ ಬೆಟ್ಟದ ಕಾರಿಗೂ ಆಗುತ್ತದೆ. ಹಳೆಯ ಆಲ್ಟೊದ ಹಿಂದಿನ ಟ್ರೇಲಿಂಗ್ ಆರ್ಮಿರಲಿ, ಜಿಪ್ಸಿಯ ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಇರಲಿ, ಬೋಲ್ಟು ಹಿಡಿಯುವ ಬಗೆ ಒಂದೇ.

ಮೊದಲು ಜಾಗ

ತೋಟದ ಮನೆಯಲ್ಲಿ ಸಮತಟ್ಟಾದ ಕಾಂಕ್ರೀಟು ನೆಲ ಸಿಗುವುದು ಕಾಫಿ ಕಣದಲ್ಲಿ ಮಾತ್ರ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಮುಗಿದಲ್ಲಿಂದ ಕುಯ್ಲು ಶುರುವಾಗುವವರೆಗೆ ಅದು ಖಾಲಿ. ಈ ಕೆಲಸಕ್ಕೆ ಅದೇ ಕಾಲ, ಅದೇ ಜಾಗ. ಇಳಿಜಾರು ಅಂಗಳದಲ್ಲಿ ಖಂಡಿತ ಬೇಡ.

ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡೆ ಕೊಡಿ. ಜಾಕಿಯಿಂದ ಎತ್ತಿ, ಚಾಸಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೆಳಗೆ ಕೈ ಹಾಕಬೇಕು. ಬರೀ ಜಾಕಿಯನ್ನು ನಂಬಿ ಕಾರಿನಡಿ ಹೋಗಬೇಡಿ. ಇಟ್ಟಿಗೆ, ಹಾಲೋ ಬ್ಲಾಕು ಜೋಡಿಸಿ ಕಾರು ನಿಲ್ಲಿಸುವುದನ್ನು ಕಂಡಾಗೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಅವು ಬಿರುಕು ಕೂಡ ತೋರಿಸದೆ ಪುಡಿಯಾಗುತ್ತವೆ. ಮುಂದಿನ ಚಕ್ರದ ಕಡೆಯ ಕೆಲಸವಾದರೆ ಮುಂದಿನ ಎರಡೂ ಚಕ್ರ ಎತ್ತಿ. ಒಂದೇ ಕಡೆ ಎತ್ತಿದರೆ ಎಡಬಲದ ಆರ್ಮುಗಳನ್ನು ಜೋಡಿಸುವ ಸರಳು, ಸ್ಟೆಬಿಲೈಸರ್ ಬಾರ್, ತಿರುಚಿಕೊಂಡು ಆರ್ಮನ್ನು ಒತ್ತುತ್ತಿರುತ್ತದೆ, ಬೋಲ್ಟಿನ ಮೇಲಿನ ಭಾರ ಇಳಿಯುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ತುಕ್ಕಿನ ಚೂರು ಬೀಳುವುದು ನೇರ ಮುಖದ ಮೇಲೆ.

ಹಿಡಿದಿರುವುದು ಎಲ್ಲಿ?

ವೈರ್ ಬ್ರಷ್ಷಿನಿಂದ ನಟ್ಟು, ಥ್ರೆಡ್ಡು, ಬೋಲ್ಟಿನ ತಲೆ ಮೂರನ್ನೂ ಉಜ್ಜಿ. ನಟ್ಟು ಬಿಡಿಯಾಗಿದೆಯೋ ಚಾಸಿಗೆ ವೆಲ್ಡ್ ಆಗಿದೆಯೋ ನೋಡಿ. ವೆಲ್ಡ್ ಆದ ನಟ್ಟು ಕಿತ್ತುಕೊಂಡು ಒಳಗೇ ಸುತ್ತತೊಡಗಿದರೆ ತಗಡು ಕತ್ತರಿಸಿ ಕಿಟಕಿ ಮಾಡಬೇಕಾಗುತ್ತದೆ.

ಆಮೇಲೆ ಆರು ಮೂಲೆಯ ಸಾಕೆಟ್ ಹಾಕಿ ಮೆಲ್ಲಗೆ ತಿರುಗಿಸಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ತಲೆಯನ್ನು ಸವೆಸುತ್ತದೆ. ನಟ್ಟೇ ಅಲುಗದಿದ್ದರೆ ತುಕ್ಕು ಥ್ರೆಡ್ಡಿನಲ್ಲಿದೆ. ನಟ್ಟು ಬಂದಿದ್ದು, ಬೋಲ್ಟಿನ ತಲೆ ಸ್ವಲ್ಪ ತಿರುಗಿ, ಕೈ ಬಿಟ್ಟೊಡನೆ ಸ್ಪ್ರಿಂಗಿನಂತೆ ಹಿಂದಕ್ಕೆ ಬಂದರೆ ಅದು ಒಳಕೊಳವೆಗೆ ಅಂಟಿದೆ. ನೀವು ತಿರುಚುತ್ತಿರುವುದು ರಬ್ಬರನ್ನು. ಈ ಒಂದು ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ, ಎರಡಕ್ಕೂ ಮದ್ದು ಬೇರೆ.

ಥ್ರೆಡ್ಡು ಹಿಡಿದಿದ್ದರೆ

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಕೊಟ್ಟು, ರಾತ್ರಿಯಿಡೀ ಬಿಡಿ. ನಡುವೆ ಎರಡು ಮೂರು ಸಲ ಮತ್ತೆ ಹೊಡೆಯಿರಿ. ಸ್ಪ್ರೇ ಇಲ್ಲದಿದ್ದರೆ ಸೀಮೆಎಣ್ಣೆಯೂ ಆಗುತ್ತದೆ, ಹೆಚ್ಚು ಹೊತ್ತು ಬೇಕು ಅಷ್ಟೆ. ಬೆಳಿಗ್ಗೆ ಮೊದಲು ಒಂದಿಷ್ಟು ಬಿಗಿಯುವ ಕಡೆಗೆ ತಿರುಗಿಸಿ, ‘ಕಟಕ್’ ಎಂದ ಮೇಲೆ ಬಿಚ್ಚುವ ಕಡೆಗೆ ಎಳೆಯಿರಿ. ಅರ್ಧ ಸುತ್ತು ಬಂದರೆ ಕಾಲು ಸುತ್ತು ಹಿಂದಕ್ಕೆ ಕಳಿಸಿ, ಎಣ್ಣೆ ಹಾಕಿ, ಮತ್ತೆ ಎಳೆಯಿರಿ.

ಸ್ಪ್ಯಾನರಿಗೆ ಪೈಪು ಹಾಕುವುದು ನಮ್ಮೂರಿನಲ್ಲಿ ಎಲ್ಲರಿಗೂ ಅಭ್ಯಾಸ. ಲೆಕ್ಕ ನೋಡಿ. 10 ಎಂ.ಎಂ. ದಪ್ಪದ 8.8 ದರ್ಜೆಯ ಬೋಲ್ಟನ್ನು ಸುಮಾರು 5 ಕೆ.ಜಿ.-ಮೀಟರಿಗೆ ಬಿಗಿಯುತ್ತಾರೆ. 60 ಸೆಂ.ಮೀ. ಪೈಪಿನ ತುದಿಯನ್ನು 30 ಕೆ.ಜಿ. ಬಲದಿಂದ ಎಳೆದರೆ ಅದು 18 ಆಯಿತು. ಕೈಗೆ ಬರುವುದು ಬೋಲ್ಟಿನ ತಲೆ ಮಾತ್ರ.

ಇಷ್ಟಾದರೂ ಬಾರದಿದ್ದರೆ ಬೆಂಕಿ. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. ನಟ್ಟು ಹಿಗ್ಗಿದರೆ ಹಿಡಿತ ಸಡಿಲುತ್ತದೆ. ಸ್ಪ್ರೇ ಹೊಡೆದ ಕೂಡಲೇ ಬೆಂಕಿ ತೋರಿಸಬೇಡಿ, ಹೊತ್ತಿಕೊಳ್ಳುತ್ತದೆ. ಬ್ರೇಕ್ ಹೋಸ್ ಹತ್ತಿರವಿದ್ದರೆ ತಗಡು ಅಡ್ಡ ಹಿಡಿಯಿರಿ. ಹಿಂದಿನ ಆರ್ಮುಗಳ ಹತ್ತಿರ ಪೆಟ್ರೋಲ್ ಟ್ಯಾಂಕು, ಪೈಪು ಇರುವುದರಿಂದ ಅಲ್ಲಿ ಬೆಂಕಿಯ ಯೋಚನೆಯನ್ನೇ ಬಿಡಿ. ಕಾಯಿಸಿದ ನಟ್ಟು ಬೋಲ್ಟು ಮತ್ತೆ ಹಾಕುವಂತಿಲ್ಲ, ಅವುಗಳ ಗಟ್ಟಿತನ ಹೋಗಿರುತ್ತದೆ.

ಕೊಳವೆಗೆ ಅಂಟಿದ್ದರೆ

ನಿಜವಾದ ತಾಳ್ಮೆ ಬೇಕಾಗುವುದು ಇಲ್ಲಿ. ಕೊಳವೆಯ ಎರಡು ತುದಿಯೂ ಬ್ರ್ಯಾಕೆಟ್ಟಿಗೆ ಒತ್ತಿಕೊಂಡಿರುವುದರಿಂದ ಎಣ್ಣೆ ಸುಲಭವಾಗಿ ಒಳಹೋಗದು. ನಟ್ಟು ತೆಗೆದ ಮೇಲೆ ಆ ಎರಡು ಸಂದಿಗೂ ಎಣ್ಣೆ ಬಿಡಿ. ರಬ್ಬರ್ ತಿರುಚುವಷ್ಟರ ಮಟ್ಟಿಗೆ ತಲೆಯನ್ನು ಆ ಕಡೆ ಈ ಕಡೆ ಹತ್ತಾರು ಸಲ ಆಡಿಸಿ, ಮತ್ತೆ ಎಣ್ಣೆ ಬಿಡಿ. ಹೊಡೆಯುವುದಾದರೆ ನಟ್ಟನ್ನು ತಿರುಗಿ ಹಾಕಿ, ಬೋಲ್ಟಿನ ತುದಿಗೆ ಸಮನಾಗಿ ನಿಲ್ಲಿಸಿ, ಅದರ ಮೇಲೆ ಹೊಡೆಯಿರಿ. ಬರೀ ತುದಿಗೆ ಹೊಡೆದರೆ ಅದು ಅಣಬೆಯಂತೆ ಅರಳಿ ಕೊಳವೆಯೊಳಗೆ ಹಾಯುವುದೇ ಇಲ್ಲ. ಹಗುರ ಸುತ್ತಿಗೆಯ ಐವತ್ತು ಏಟಿಗಿಂತ ಭಾರದ ಸುತ್ತಿಗೆಯ ಐದು ನೇರ ಏಟು ಮೇಲು. ಬ್ರ್ಯಾಕೆಟ್ಟಿನ ಹಿಂದೆ ಆಸರೆ ಕೊಡದೆ ಹೊಡೆದರೆ ತಗಡು ಬಗ್ಗುತ್ತದೆ.

ಇಲ್ಲಿ ಗ್ಯಾಸ್ ಹಚ್ಚುವುದು ನನಗೆ ಸರಿಕಾಣುವುದಿಲ್ಲ. ಸುಡುವುದು ರಬ್ಬರು, ಬರುವುದು ಕೆಟ್ಟ ಹೊಗೆ. ಒಂದು ದಿನ ಎಣ್ಣೆ, ಸುತ್ತಿಗೆ ಎರಡೂ ಸೋತರೆ ಕತ್ತರಿಸಿಬಿಡಿ. ಬುಷ್ ಹೇಗೂ ಹೊಸತು ಬರುತ್ತದೆ, ಬೋಲ್ಟೂ ಹೊಸತೇ. ಅವೆರಡನ್ನು ಉಳಿಸಲು ಹೋಗಿ ಚಾಸಿ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕತ್ತರಿಸಬೇಕಾದದ್ದು ಎರಡು ಕಡೆ, ಬ್ರ್ಯಾಕೆಟ್ಟಿಗೂ ಬುಷ್‌ಗೂ ನಡುವಿನ ಗೆರೆಯಲ್ಲಿ. ಆರ್ಮನ್ನು ಸಣ್ಣ ಹಾರೆಯಿಂದ ಪಕ್ಕಕ್ಕೆ ಒತ್ತಿದರೆ ಬ್ಲೇಡು ಹೋಗುವಷ್ಟು ಸಂದಿ ಬರುತ್ತದೆ. ಗ್ರೈಂಡರ್ ಹಿಡಿಯಲು ಜಾಗವಿದ್ದರೆ 1 ಎಂ.ಎಂ. ಡಿಸ್ಕ್ ಹಾಕಿ. ಇಲ್ಲದಿದ್ದರೆ ಇಂಚಿಗೆ 24 ಹಲ್ಲಿನ ಬೈಮೆಟಲ್ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲೇ ಕುಯ್ಯಿರಿ. ನನಗೆ ಒಂದೊಂದು ಕಡೆಗೆ ಅರ್ಧ ಗಂಟೆ ಮೇಲೆ ಹಿಡಿಯಿತು, ಎರಡು ಬ್ಲೇಡು ಸವೆಯಿತು. ಆದರೆ ಬ್ರ್ಯಾಕೆಟ್ಟಿಗೆ ಗೀರು ಕೂಡ ಬೀಳಲಿಲ್ಲ. ಕೊನೆಯ ಎಳೆ ತುಂಡಾಗುವಾಗ ಆರ್ಮು ಚಿಮ್ಮಬಹುದು, ಅದರಡಿ ಇನ್ನೊಂದು ಜಾಕಿ ಇರಲಿ, ಬೆರಳು ದೂರವಿರಲಿ.

ಹೊಸತು ಹಾಕುವಾಗ

ಬೋಲ್ಟನ್ನು ಕಂಪನಿಯ ಬಿಡಿಭಾಗದ ಅಂಗಡಿಯಲ್ಲೇ ಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ 12 ಎಂ.ಎಂ. ಬೋಲ್ಟಿನ ಪಿಚ್, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ, ಸಾಮಾನ್ಯವಾಗಿ 1.75 ಎಂ.ಎಂ., ಜಪಾನಿ ಮೂಲದ ಕಾರುಗಳಲ್ಲಿ ಹೆಚ್ಚಾಗಿ ಇರುವುದು 1.25. ತಲೆಯ ಮೇಲಿನ ದರ್ಜೆಯ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ನಟ್ಟೂ ಹೊಸತೇ ಆಗಲಿ. ಹಾಕುವ ಮುನ್ನ ಬೋಲ್ಟಿನ ನಯವಾದ ಮೈಗೆ, ಅಂದರೆ ಕೊಳವೆಯೊಳಗೆ ಕೂರುವ ಭಾಗಕ್ಕೆ, ತಾಮ್ರದ ಆ್ಯಂಟಿ-ಸೀಜ್ ಗ್ರೀಸ್ ತೆಳ್ಳಗೆ ಸವರಿ. ಥ್ರೆಡ್ಡಿಗೆ ಬೇಡ, ಬಿಗಿತದ ಲೆಕ್ಕ ತಪ್ಪುತ್ತದೆ.

ಕೊನೆಯ ಬಿಗಿತ ಮಾತ್ರ ಕಾರಿನ ಭಾರ ಚಕ್ರದ ಮೇಲೆ ಇರುವಾಗಲೇ ಆಗಬೇಕು. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಚಕ್ರ ನೇತಾಡುತ್ತಿದ್ದ ಹಾಗೇ ಬಿಗಿಮಾಡಿ ಕಳಿಸಿದ್ದರು. ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಉಳಿದು, ಹೊಸ ಬುಷ್ ಆರು ತಿಂಗಳಲ್ಲಿ ಹರಿಯಿತು. ಆ ಸಿಟ್ಟಿಗೇ ನಾನು ಈ ಕೆಲಸ ಕಲಿತದ್ದು. ಕೆಳಗೆ ನುಗ್ಗಲು ಜಾಗವಿಲ್ಲದಿದ್ದರೆ ಆರ್ಮಿನಡಿ ಜಾಕಿ ಕೊಟ್ಟು, ಕಾರು ನಿಂತಾಗ ಇರುವ ಎತ್ತರಕ್ಕೆ ಏರಿಸಿ, ಟಾರ್ಕ್ ರೆಂಚಿನಿಂದ ಮ್ಯಾನುಯಲ್ ಹೇಳಿದಷ್ಟಕ್ಕೆ ಬಿಗಿಯಿರಿ.

ಮರುದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಒಮ್ಮೆ ಮೈಸೂರಿಗೆ ಹೋಗಿ ಬಂದ ಮೇಲೆ ನಟ್ಟಿಗೆ ಇನ್ನೊಮ್ಮೆ ರೆಂಚು ಹಾಕಿ ನೋಡಿ. ಮುಂದಿನ ಸಲ ಪೊಟ್ಯಾಷ್ ತರುವಾಗ ಡಿಕ್ಕಿಗೆ ಟಾರ್ಪಾಲು ಹಾಸಿ, ಇಳಿಸಿದ ದಿನವೇ ಕಾರಿನ ಅಡಿಗೆ ನೀರು ಹೊಡೆದು ತೊಳೆಯಿರಿ.