ಎಚ್‌ಆರ್‌ವಿ ನೋಡಿ ರಾತ್ರಿ ಊಟದ ಹೊತ್ತು ಬದಲಿಸಿದೆ

ಹೃದಯ ನಿಮಿಷಕ್ಕೆ 60 ಸಲ ಬಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿರುವುದಿಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಒಮ್ಮೆ 960 ಮಿಲಿಸೆಕೆಂಡ್ ಇದ್ದರೆ ಇನ್ನೊಮ್ಮೆ 1,040 ಇರುತ್ತದೆ. ಉಸಿರು ಎಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಈ ಏರುಪೇರೇ ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಎಚ್‌ಆರ್‌ವಿ. ಮೈ ಹಗುರಾಗಿದ್ದಾಗ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ ಚೆನ್ನಾಗಿ ಕೆಲಸ ಮಾಡುತ್ತದೆ, ಏರುಪೇರೂ ಜಾಸ್ತಿ. ನಿದ್ದೆಗೆಟ್ಟರೆ, ಒತ್ತಡವಿದ್ದರೆ, ಜ್ವರ ಬರುವ ಹಾಗಿದ್ದರೆ ಅದು ಇಳಿಯುತ್ತದೆ.

ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು, ಕಾಫಿಗೂ ಮೊಬೈಲಿನ ಮೆಸೇಜುಗಳಿಗೂ ಮುಂಚೆ, ಹೃದಯ ಬಡಿತ ಅಳೆಯುವ ಪೋಲಾರ್ ಎಚ್10 ಬೆಲ್ಟನ್ನು ಎದೆಗೆ ಕಟ್ಟಿಕೊಂಡು ಮಂಚದ ಮೇಲೆ ಸುಮ್ನೆ ಕೂರುತ್ತೇನೆ. ಬೆಲ್ಟಿನ ಒಳಬದಿಯ ಪಟ್ಟಿಯನ್ನು ನೀರಲ್ಲಿ ಒದ್ದೆ ಮಾಡಲೇಬೇಕು. ಒಣಗಿದ್ದರೆ ಬಡಿತಗಳು ತಪ್ಪಿಹೋಗಿ ಅಂಕಿ ಎಲ್ಲೆಲ್ಲಿಗೋ ಹಾರುತ್ತದೆ. ದಿನಾ ಅದೇ ಹೊತ್ತು, ಅದೇ ಭಂಗಿ. ಆ್ಯಪ್ ತೋರಿಸುವ ಆರ್‌ಎಂಎಸ್‌ಎಸ್‌ಡಿ ಅಂಕಿಯನ್ನು (ಬಡಿತಗಳ ನಡುವಿನ ಅಂತರ ಒಂದರಿಂದ ಮುಂದಿನದಕ್ಕೆ ಎಷ್ಟು ಬದಲಾಗುತ್ತದೆ ಅಂತ ಮಿಲಿಸೆಕೆಂಡಿನಲ್ಲಿ ಹೇಳುವ ಎಚ್‌ಆರ್‌ವಿ ಅಳತೆ) ಬರೆದಿಟ್ಟು, ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟೊತ್ತಿಗೆ ಉಂಡೆ, ಎಷ್ಟೊತ್ತಿಗೆ ಮಲಗಿದೆ ಅಂತ ಒಂದೇ ಸಾಲು.

ಆ ಒಂದು ಸಾಲೇ ಎಲ್ಲ ಹೇಳಿತು. ಅಮೆರಿಕದವರ ಜೊತೆ ರಾತ್ರಿ ಮೀಟಿಂಗ್ ಮುಗಿಸಿ ಹನ್ನೊಂದಕ್ಕೆ ಅನ್ನ ಸಾರು ಉಂಡು ಹಾಗೇ ಮಲಗಿದ ದಿನಗಳ ಮಾರನೇ ಬೆಳಿಗ್ಗೆ, 40ರ ಆಸುಪಾಸು ಇರುತ್ತಿದ್ದ ಅಂಕಿ 30ಕ್ಕಿಂತ ಕೆಳಗೆ ಬಂದಿರುತ್ತಿತ್ತು. ಮೀಟಿಂಗ್ ತಪ್ಪಿಸಲು ಆಗಲ್ಲ, ಊಟವನ್ನು ಮೀಟಿಂಗಿಗೆ ಮುಂಚೆಯೇ ಮಾಡಬಹುದಲ್ಲ. ಏಳೂವರೆಗೇ ಊಟ ಮುಗಿಸತೊಡಗಿದೆ. ಮೀಟಿಂಗ್ ಆದಮೇಲೆ ಹತ್ತು ನಿಮಿಷ ನಿಧಾನದ ಉಸಿರಾಟ, ಎಳೆಯಲು ಐದು ಸೆಕೆಂಡ್, ಬಿಡಲು ಐದು, ಅಂದರೆ ನಿಮಿಷಕ್ಕೆ ಆರು ಉಸಿರು. ಆ ಹೊತ್ತಲ್ಲಿ ಬೆಲ್ಟ್ ಕಟ್ಟಿ ನೋಡಿ, ಬಡಿತದ ಗೆರೆ ಅಲೆಯ ಹಾಗೆ ಏರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ನನಗಂತೂ ಖುಷಿಯಾಗುತ್ತದೆ.

ಒಂದು ದಿನದ ಅಂಕಿ ಹಿಡಿದು ತಲೆ ಕೆಡಿಸಿಕೊಳ್ಳಬೇಡಿ, ಏಳು ದಿನದ ಸರಾಸರಿ ನೋಡಿ. ಪಕ್ಕದವರ ಜೊತೆ ಹೋಲಿಸಬೇಡಿ, ವಯಸ್ಸಾದಂತೆ ಇದು ಇಳಿಯುವುದು ಸಹಜ, ಒಬ್ಬರಿಂದ ಒಬ್ಬರಿಗೆ ಅಜಗಜಾಂತರ ಇರುತ್ತದೆ. ಸರಾಸರಿಗಿಂತ ತುಂಬಾ ಇಳಿದ ದಿನ ನಾನು ಓಟ ಬಿಟ್ಟು ನಡೆಯುತ್ತೇನೆ, ಅಷ್ಟೇ.

ಅಂಕಿ ಇದ್ದಕ್ಕಿದ್ದಂತೆ ವಿಪರೀತ ಏರಿದರೂ ಹಿಗ್ಗಬೇಡಿ. ಬಡಿತದ ಲಯ ತಪ್ಪಿದಾಗಲೂ ಆರ್‌ಎಂಎಸ್‌ಎಸ್‌ಡಿ ಜಾಸ್ತಿ ತೋರಿಸುತ್ತದೆ. ಬೆಲ್ಟ್ ಸರಿಯಾಗಿ ಕಟ್ಟಿಯೂ ಹಾಗೇ ಬರುತ್ತಿದ್ದರೆ, ಎದೆ ಡವಡವ ಅನ್ನುತ್ತಿದ್ದರೆ, ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ.