ಗಡಿಯಾರ ನೋಡಿಕೊಂಡು ಬರುತ್ತಿದ್ದ ನೋವು

ಹಾವೇರಿಯಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ದಿನಕ್ಕೆ ಹತ್ತು ಹನ್ನೊಂದು ತಾಸು ಕೌಂಟರಿನ ಹಿಂದೆ ನಿಲ್ಲುವ ಕೆಲಸ. 2016ರಲ್ಲಿ ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಜಾರಿ ಎಡಗಾಲಿನ ನರವನ್ನು ಒತ್ತತೊಡಗಿದಾಗ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಕಾಲಿನ ಸೆಳೆತ ಹೋಯಿತು, ನಡುನೋವು ಉಳಿಯಿತು. ಮನೆಗೆ ಬರುವಾಗ ವೈದ್ಯರು ಟ್ರಮಡಾಲ್ ಎಂಬ ನೋವಿನ ಗುಳಿಗೆ ಬರೆದುಕೊಟ್ಟಿದ್ದರು. ಹತ್ತು ದಿನಕ್ಕೆ, ದಿನಕ್ಕೆರಡು.

ಆ ಹತ್ತು ದಿನ ಆರು ವರ್ಷವಾದದ್ದು ಹೇಗೆ ಎಂದು ಕೇಳಿದರೆ ಉತ್ತರ ಸರಳ. ಔಷಧ ನನ್ನ ಕೈಗೆಟಕುವ ಕಪಾಟಿನಲ್ಲಿಯೇ ಇತ್ತು. 2014ರ ಮಾರ್ಚ್‌ನಿಂದ ಟ್ರಮಡಾಲ್, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್-1 ಪಟ್ಟಿಯಲ್ಲಿದೆ. ಬರೆದ ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಆ ರಿಜಿಸ್ಟರನ್ನು ಅಚ್ಚುಕಟ್ಟಾಗಿ ಇಟ್ಟವನು, ಅದರಲ್ಲಿ ಹಳೆಯ ಚೀಟಿಯ ಮೇಲೆ ನನ್ನ ಹೆಸರನ್ನು ನಾನೇ ಮತ್ತೆ ಮತ್ತೆ ಬರೆದುಕೊಂಡವನೂ ಹೌದು. 2018ರ ಏಪ್ರಿಲ್‌ನಲ್ಲಿ ಈ ಔಷಧವನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಕೆಳಗೆ ತಂದಾಗ, ಕಾನೂನು ಬಿಗಿಯಾದದ್ದು ಬೇರೆಯವರಿಗಾಗಿ ಎಂದೇ ಭಾವಿಸಿದ್ದೆ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲವೆಂದು ಹೇಳಲಾರೆ. ನನಗೆ ಗೊತ್ತಾಗದೇ ಇದ್ದದ್ದು ಬೇರೆ: ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದ ಗುಳಿಗೆ ಈಗ ಯಾವ ಕೆಲಸ ಮಾಡುತ್ತಿದೆ ಎಂಬುದು. 2021ರ ಹೊತ್ತಿಗೆ ದಿನಕ್ಕೆ 50 ಮಿಲಿಗ್ರಾಮಿನ ನಾಲ್ಕು ಕ್ಯಾಪ್ಸೂಲುಗಳಾಗಿದ್ದವು.

ಆ ವರ್ಷದ ಕೊನೆಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಗದಗಿಗೆ ಹೋದಾಗ ಸ್ಟ್ರಿಪ್ಪನ್ನು ಮನೆಯಲ್ಲಿಯೇ ಮರೆತಿದ್ದೆ. ಒಂದು ದಿನಕ್ಕೆ ಏನಾದೀತು ಎಂದು ಸುಮ್ಮನಾದೆ. ಮರುದಿನ ಬೆಳಗ್ಗೆ ಆಕಳಿಕೆ ನಿಲ್ಲಲಿಲ್ಲ, ಮೂಗು ಸೋರತೊಡಗಿತು, ಬಿಸಿಲಿನಲ್ಲಿ ಕುಳಿತರೂ ಮೈಮೇಲೆ ಮುಳ್ಳು ಏಳುತ್ತಿದ್ದವು. ಮಧ್ಯಾಹ್ನಕ್ಕೆ ಭೇದಿ, ಸಂಜೆಗೆ ತಲೆಯೊಳಗೆ ಕರೆಂಟು ಹೊಡೆದಂಥ ಝುಮ್ಮೆನ್ನುವಿಕೆ, ಅದರ ಜೊತೆಗೆ ಕಾರಣವಿಲ್ಲದ ಅಳು. ನಡುನೋವಂತೂ ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳನ್ನು ನೆನಪಿಸುವಷ್ಟಿತ್ತು. ಫ್ಲೂ ಬಂದಿದೆ ಎಂದು ತಂಗಿ ಕಷಾಯ ಕುದಿಸಿದಳು. ನಾನೂ ಹಾಗೆಯೇ ನಂಬಿದೆ. ಓಪಿಯಾಯ್ಡ್, ಎಂದರೆ ಅಫೀಮಿನ ಬಗೆಯ, ಔಷಧ ತಟ್ಟನೆ ನಿಂತಾಗ ಕಾಣುವ ಲಕ್ಷಣಗಳ ಪಟ್ಟಿಯನ್ನು ಡಿ.ಫಾರ್ಮಾ ಪರೀಕ್ಷೆಗೆ ಬಾಯಿಪಾಠ ಮಾಡಿದವನಿಗೆ ತನ್ನ ಮೈಮೇಲೆ ಅದೇ ಪಟ್ಟಿ ಸಾಲಾಗಿ ಬಂದಾಗ ಗುರುತು ಹತ್ತಲಿಲ್ಲ. ರಾತ್ರಿ ಹಾವೇರಿಗೆ ಮರಳಿ ಒಂದು ಕ್ಯಾಪ್ಸೂಲು ನುಂಗಿದ ಮೇಲೆ ಒಂದು ತಾಸಿನೊಳಗೆ ನೆಗಡಿಯೂ ನಿಂತಿತು. ನೆಗಡಿಯನ್ನು ನಿಲ್ಲಿಸುವ ನೋವಿನ ಮಾತ್ರೆ ಇಲ್ಲವೆಂಬುದು ನನಗೆ ಗೊತ್ತಿತ್ತು.

ಮರುದಿನದಿಂದ ಒಂದು ನೋಟುಬುಕ್ಕಿನಲ್ಲಿ ಎರಡೆರಡು ತಾಸಿಗೊಮ್ಮೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕತೊಡಗಿದೆ. ಪಕ್ಕದಲ್ಲಿ ಏನು ಕೆಲಸ ಮಾಡುತ್ತಿದ್ದೆ, ಗುಳಿಗೆ ಯಾವಾಗ ತೆಗೆದುಕೊಂಡೆ ಎಂಬುದನ್ನೂ ಬರೆದೆ. ಐದು ವಾರ ಬರೆದ ಮೇಲೆ ಓದಿದಾಗ ಎದೆ ಧಸಕ್ಕೆಂದಿತು. ಬೆನ್ನಿನ ನೋವಾಗಿದ್ದರೆ ರಟ್ಟಿನ ಪೆಟ್ಟಿಗೆಗಳನ್ನು ಎತ್ತಿಳಿಸಿದ ದಿನ ಹೆಚ್ಚಾಗಬೇಕಿತ್ತು, ಅಂಗಡಿ ಮುಚ್ಚಿ ಮಲಗಿದ ರವಿವಾರ ಕಡಿಮೆಯಾಗಬೇಕಿತ್ತು. ಪುಸ್ತಕದಲ್ಲಿ ಹಾಗಿರಲಿಲ್ಲ. ಸಂತೆಯ ದಿನವಿರಲಿ, ರಜೆಯಿರಲಿ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ, ರಾತ್ರಿ ಹತ್ತಕ್ಕೆ, ಎಂದರೆ ಮುಂದಿನ ಕ್ಯಾಪ್ಸೂಲಿಗೆ ಒಂದು ತಾಸು ಮೊದಲು, ಏಳು ಎಂಟು ಅಂಕದ ನೋವು ತಪ್ಪದೆ ಬಂದು ಕೂತಿರುತ್ತಿತ್ತು.

ಆ ಪುಸ್ತಕವನ್ನು ಹಿಡಿದುಕೊಂಡು ಧಾರವಾಡದ ಮನೋವೈದ್ಯರೊಬ್ಬರ ಬಳಿಗೆ ಹೋದೆ. ನಮ್ಮ ಕಡೆ ‘ಧಾರವಾಡಕ್ಕೆ ಕರಕೊಂಡ ಹೋಗಬೇಕು’ ಎಂಬ ಮಾತಿಗೆ ಹುಚ್ಚಾಸ್ಪತ್ರೆಗೆ ಎಂಬ ಅರ್ಥವಿರುವುದು ಎಲ್ಲರಿಗೂ ಗೊತ್ತು. ಅದಕ್ಕೇ ಮನೆಯಲ್ಲಿ ಹುಬ್ಬಳ್ಳಿಗೆ ಎಂದು ಹೇಳಿ ಹೊರಟಿದ್ದೆ. ವೈದ್ಯರು ನನ್ನನ್ನು ಬೈಯಲಿಲ್ಲ. ಟ್ರಮಡಾಲ್ ಎರಡು ಬಾಗಿಲುಗಳಿಂದ ಕೆಲಸ ಮಾಡುತ್ತದೆ, ಒಂದು ಅಫೀಮಿನ ಬಗೆಯದು, ಇನ್ನೊಂದು ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಮಿದುಳಿನ ರಾಸಾಯನಿಕಗಳದು. ಆದ್ದರಿಂದ ಬಿಡುವಾಗ ಭೇದಿ, ಆಕಳಿಕೆಗಳ ಜೊತೆಗೆ ಆ ಕರೆಂಟಿನ ಝುಮ್ಮು, ಗಾಬರಿಗಳೂ ಬರುತ್ತವೆ ಎಂದು ವಿವರಿಸಿದರು. ವರ್ಷಗಟ್ಟಲೆ ಈ ಬಗೆಯ ಔಷಧ ತೆಗೆದುಕೊಂಡವರ ನರಗಳು ಕೆಲವೊಮ್ಮೆ ನೋವಿಗೆ ಇನ್ನೂ ಸೂಕ್ಷ್ಮವಾಗುವುದುಂಟು ಎಂದೂ ಹೇಳಿದರು. ‘ಇದರೊಳಗ ನಿಮ್ಮ ಬೆನ್ನು ಎಷ್ಟು, ಗುಳಿಗಿ ಎಷ್ಟು ಅನ್ನೋದು ಇಳಿಸಿ ನೋಡಿದ ಮ್ಯಾಲೇ ತಿಳೀತೈತ್ರಿ’ ಎಂಬ ಅವರ ಮಾತು ಮುಂದಿನ ವರ್ಷವಿಡೀ ನನ್ನ ಜೊತೆಗಿತ್ತು.

ಅವರು ಹಾಕಿದ ಮೊದಲ ಷರತ್ತು ಔಷಧದ್ದಲ್ಲ, ಕಪಾಟಿನದು. ನನ್ನ ಅಂಗಡಿಯಲ್ಲಿ ಟ್ರಮಡಾಲ್ ಇರಕೂಡದು, ಅವರ ಚೀಟಿಯ ಮೇಲೆ ಬೇರೆ ಅಂಗಡಿಯಿಂದಲೇ ತರಬೇಕು, ಅದು ನನ್ನ ಹೆಂಡತಿಯ ಕೈಯಲ್ಲಿರಬೇಕು. ಹೀಗಾಗಿ ಮನೆಯಲ್ಲಿ ಧಾರವಾಡದ ವಿಷಯ ಹೇಳಲೇಬೇಕಾಯಿತು. ಇಡೀ ಪ್ರಯತ್ನದಲ್ಲಿ ಅತಿ ಕಷ್ಟದ ದಿನ ಯಾವುದೆಂದು ಕೇಳಿದರೆ ನಾನು ಆ ದಿನವನ್ನೇ ಹೇಳುತ್ತೇನೆ.

2022ರ ಯುಗಾದಿಗೆ ಶುರುವಾಯಿತು. ಕ್ಯಾಪ್ಸೂಲನ್ನು ಅರ್ಧ ಮಾಡಲು ಬರುವುದಿಲ್ಲವಾದ್ದರಿಂದ ವೈದ್ಯರು 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡಿದ ಸಾಮಾನ್ಯ ಮಾತ್ರೆಗೆ ಬದಲಿಸಿದರು; ದಿನಕ್ಕೆ ಐದು. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಗಳನ್ನು ಮಾತ್ರ ಎಂದೂ ಮುರಿಯಬಾರದು, ದಿನದ ಔಷಧವೆಲ್ಲ ಒಮ್ಮೆಗೇ ಮೈಗೆ ಇಳಿಯುತ್ತದೆ. ನಾಲ್ಕು ವಾರಕ್ಕೊಮ್ಮೆ ಅರ್ಧ ಮಾತ್ರೆ ಕಡಿಮೆ ಮಾಡುವುದೆಂದು ನಿಶ್ಚಯವಾಯಿತು. ಎಂದರೆ ತಿಂಗಳಿಗೆ ಮೂಲ ಪ್ರಮಾಣದ ಹತ್ತನೆಯ ಒಂದು ಭಾಗ. ನೋವು ಬಂದಾಗ ತೆಗೆದುಕೊಳ್ಳುವುದನ್ನು ಬಿಟ್ಟು ಗೊತ್ತುಪಡಿಸಿದ ಹೊತ್ತಿಗೆ ತೆಗೆದುಕೊಳ್ಳುವುದು ಎರಡನೆಯ ಷರತ್ತು. ದಿನದ ಪಾಲನ್ನು ಹೆಂಡತಿ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ನಾನು ಎರಡನೆಯ ಸಲ ಅಡುಗೆಮನೆಗೆ ಇಣುಕಿದರೆ, ‘ಇವತ್ತಿನ ಪಾಲು ಮುಗದೈತ್ರಿ’ ಎಂದಷ್ಟೇ ಹೇಳಿ ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಿದ್ದಳು.

ಪ್ರತಿ ಸಲ ಇಳಿಸಿದಾಗಲೂ ಒಂದೇ ತೆರನಾಗಿತ್ತು: ಎರಡನೆಯ ದಿನದಿಂದ ಐದಾರು ದಿನ ಕಾಲುಗಳಲ್ಲಿ ಚಡಪಡಿಕೆ, ಬೆವರು, ಹರಿದ ನಿದ್ರೆ, ಹೆಚ್ಚಿದ ನಡುನೋವು, ಎರಡನೆಯ ವಾರಕ್ಕೆ ಸಮಾಧಾನ. ಇದು ತಿಳಿದ ಮೇಲೆ ನೋವನ್ನು ಓದುವ ರೀತಿಯೇ ಬದಲಾಯಿತು. ಮೂರನೆಯ ದಿನ ಎಂಟು ಅಂಕ ಬಂದರೆ ಬೆನ್ನು ಕೆಟ್ಟಿತೆಂದು ಗಾಬರಿಯಾಗದೆ ಕ್ಯಾಲೆಂಡರ್ ನೋಡುತ್ತಿದ್ದೆ. ಶ್ರಾವಣದ ಮಳೆಯಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ ಮಾತ್ರ ಲೆಕ್ಕ ತಪ್ಪಿತು. ಆಗ ಮೂರು ಮಾತ್ರೆಗಳಲ್ಲಿದ್ದೆ. ವೈದ್ಯರು ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ, ಎಂಟು ವಾರ ಅಲ್ಲಿಯೇ ನಿಲ್ಲಿಸಿದರು. ಹಿಂದಕ್ಕೆ ಏರದೆ ನಿಲ್ಲುವುದೂ ಇಳಿಯುವುದರ ಭಾಗವೇ ಎಂಬುದು ನನ್ನಂಥ ಆತುರದವನಿಗೆ ಹೊಸದಾಗಿತ್ತು. ಕೊನೆಯ ಎರಡು ಹಂತಗಳಿಗೆ ಏಳೇಳು ವಾರ ಬೇಕಾದವು, ಏಕೆಂದರೆ ಐದರಲ್ಲಿ ಅರ್ಧ ಕಳೆದರೆ ಹತ್ತನೆಯ ಒಂದು ಭಾಗ, ಒಂದರಲ್ಲಿ ಅರ್ಧ ಕಳೆದರೆ ಅರ್ಧವೇ ಹೋದಂತೆ.

ಔಷಧಗಳ ಬಗ್ಗೆ ಬಲ್ಲವನೆಂಬ ಜಂಬದಿಂದ ಒಮ್ಮೆ ನರನೋವಿಗೆಂದು ಡುಲಾಕ್ಸಿಟಿನ್ ಬರೆದುಕೊಡಲು ಕೇಳಿದೆ. ಅದೂ ಸೆರೊಟೋನಿನ್ ಹೆಚ್ಚಿಸುವುದರಿಂದ ಟ್ರಮಡಾಲ್ ಜೊತೆ ಸೇರಿದರೆ ಅಪಾಯ, ಫಿಟ್ಸ್ ಬರುವ ಸಂಭವವೂ ಹೆಚ್ಚು ಎಂದು ವೈದ್ಯರು ನಿರಾಕರಿಸಿದರು. ನಾನು ಇದನ್ನು ಎಷ್ಟೋ ಗಿರಾಕಿಗಳಿಗೆ ಹೇಳಿದವನು.

ನೋವಿಗೆ ಮಾಡಿದ ಉಳಿದ ವ್ಯವಸ್ಥೆ ದೊಡ್ಡದೇನಲ್ಲ. ಕೌಂಟರಿನ ಹಿಂದೆ ಎತ್ತರದ ಸ್ಟೂಲು ಬಂದಿತು, ನಿಂತಾಗ ಒಂದು ಕಾಲನ್ನು ಇಡಲು ಕೆಳಗೆ ಮಣೆ ಬಂದಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಭಂಗಿ ಬದಲಿಸಲು ಮೊಬೈಲಿನಲ್ಲಿ ಗಂಟೆ ಇಟ್ಟೆ. ಫಿಸಿಯೋಥೆರಪಿಸ್ಟರು ಹೇಳಿಕೊಟ್ಟ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ವ್ಯಾಯಾಮವನ್ನು, ಮೊದಲು ಬೇಸರದಿಂದ, ನಂತರ ಹಟದಿಂದ ಮಾಡಿದೆ. ನಸುಕಿನಲ್ಲಿ ಹೆಗ್ಗೇರಿ ಕೆರೆಯ ಕಡೆಗೆ ನಡಿಗೆ. ಶುರುವಿನಲ್ಲಿ ಏಳು ನಿಮಿಷ, ವಾರಕ್ಕೆ ಎರಡು ನಿಮಿಷ ಹೆಚ್ಚು. ಚೆನ್ನಾಗಿದ್ದ ದಿನ ಹೆಚ್ಚು ನಡೆದು ಮರುದಿನ ಮಲಗುವ ಚಟವನ್ನು ಬಿಡಲು ಮಾತ್ರೆ ಬಿಡುವಷ್ಟೇ ಕಷ್ಟವಾಯಿತು. ಬಿಸಿನೀರಿನ ಚೀಲ ಎರಡು ಹರಿದವು. ನಡುವೆ ಒಂದು ಲಾಭವೂ ಆಯಿತು: ಆರು ವರ್ಷದ ಮಲಬದ್ಧತೆ ತಾನಾಗಿ ಹೋಗಿ, ಇಸಬಗೋಲಿನ ಡಬ್ಬಿ ಮತ್ತೆ ಅಂಗಡಿಯ ಕಪಾಟಿಗೆ ಸೀಮಿತವಾಯಿತು.

2023ರ ಯುಗಾದಿಯ ದಿನ ಬೇವು ಬೆಲ್ಲ ತಿಂದಾಗ ಕೊನೆಯ ಅರ್ಧ ಮಾತ್ರೆ ನಿಂತು ನಾಲ್ಕು ದಿನವಾಗಿತ್ತು. ನಿದ್ರೆ ಸರಿಯಾಗಲು ಮತ್ತೆ ಎರಡು ತಿಂಗಳು ಹಿಡಿಯಿತು. ನಡುನೋವು ಈಗಲೂ ಇದೆ, ಹೆಚ್ಚಿನ ದಿನ ನಾಲ್ಕು, ಕೆಟ್ಟ ದಿನ ಆರು. ಆದರೆ ಅದು ಪೆಟ್ಟಿಗೆ ಎತ್ತಿದರೆ ಬರುತ್ತದೆ, ಮಲಗಿದರೆ ಇಳಿಯುತ್ತದೆ. ಹಳೆಯ ಪ್ರಮಾಣಕ್ಕೆ ಒಮ್ಮೆಲೇ ಮರಳಬಾರದು, ಮೈಗೆ ಹಿಂದಿನ ತಾಳಿಕೆ ಉಳಿದಿರುವುದಿಲ್ಲ ಎಂಬ ಎಚ್ಚರಿಕೆಯನ್ನು ಹೆಂಡತಿ ಪುಸ್ತಕದ ರಟ್ಟಿನ ಮೇಲೆ ತನ್ನ ಕೈಯಿಂದಲೇ ಬರೆದಿಟ್ಟಿದ್ದಾಳೆ. ನನ್ನ ಲೆಕ್ಕವನ್ನು ಇನ್ನೊಬ್ಬರು ತಮ್ಮ ಮೈಮೇಲೆ ಇಳಿಸಿಕೊಳ್ಳಬಾರದು. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರ ಮನೆಯವರು ಇದನ್ನು ಓದಿ ಹೆದರಿ ಔಷಧ ತಡೆದರೆ ಅದು ಅನ್ಯಾಯ.

ಮೊನ್ನೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರೊಬ್ಬರು ಮಡಿಕೆ ಹರಿದುಹೋದ ಹಳೆಯ ಚೀಟಿ ತಂದು ಟ್ರಮಡಾಲ್ ಕೇಳಿದರು. ಇಲ್ಲವೆಂದೆ. ಹೊಸ ಚೀಟಿ ಬೇಕು, ಆದರೆ ತಟ್ಟನೆ ಬಿಡಲೂ ಬೇಡಿ, ನಾಳೆಯೇ ವೈದ್ಯರನ್ನು ಕಾಣಿರಿ ಎಂದು ಹೇಳಿ, ನೋವು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿದೆ. ಅವರು ಗೋಡೆಯ ಗಡಿಯಾರದ ಕಡೆಗೆ ನೋಡಿ, ‘ಐದಕ್ಕರಿ, ದಿನಾ ಐದಕ್ಕ. ಯಾಕ್ರಿ?’ ಎಂದರು. ಒಳಗಿನ ಸ್ಟೂಲನ್ನು ಅವರಿಗೆ ಸರಿಸಿಕೊಟ್ಟು, ಕಪಾಟಿನಿಂದ ಆ ಹಳೆಯ ನೋಟುಬುಕ್ಕನ್ನು ಹೊರಗೆ ತೆಗೆದೆ.